ಕೆರೆಯ ದಂಡೆಯಲ್ಲಿ ಅಕ್ಕ ನನ್ನನ್ನು ಮರೆತದ್ದು

ಅಕ್ಕನ ಮುಖ ನೋಡುವ ಮೊದಲೇ ಅವರ ದನಿ ಕೇಳಿದ್ದೆ. ಕೆನಡಾದಲ್ಲಿ, ಟೊರೊಂಟೊ ಪಕ್ಕದ ವಿಟ್ಬಿಯಿಂದ ಉತ್ತರಕ್ಕೆ ಹೋದರೆ ಸಿಗುವ ಕಾಡೊಂದರ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಡಿಕ್ಕಿಯ ಮೇಲೆ ಕೂತು ಶೂ ಬದಲಾಯಿಸುತ್ತಿದ್ದೆ. ಪಕ್ಕದ ಕಾರಿನ ಆಚೆಯಿಂದ ಯಾರೋ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು. "ಅವ್ವಾ, ನಾ ಓಡ್ಲಿಕ್ಕೆ ಬಂದೀನಿ. ಹೂಂ, ಓಡ್ಲಿಕ್ಕೆ. ಇಲ್ಲಬೇ, ಯಾರೂ ಬೆನ್ನ ಹತ್ತಿಲ್ಲ, ಸುಮ್ನ ಓಡೂದು."

ನಗು ತಡೆಯಲಾಗದೆ ಇಣುಕಿದೆ. ಐವತ್ತು ದಾಟಿದ, ತೆಳ್ಳನೆಯ ಹೆಂಗಸು. ಹಣೆಯಲ್ಲಿ ಸಣ್ಣ ಕುಂಕುಮ, ತಲೆಗೆ ಟೋಪಿ. ನನ್ನ ನಗು ಕಂಡು ಅವರೂ ನಕ್ಕರು. "ಕನ್ನಡದಾಕಿ ಏನು ನೀ? ಬಾ ಹಂಗಾರ, ಕೂಡೇ ಓಡೂಣು."

ಅಂದಿನಿಂದ ಅವರು ನನಗೆ 'ಅಕ್ಕ', 'ನೀವು'. ಅವರಿಗೆ ನಾನು 'ನೀ', ಬೇಜಾರಾದರೆ 'ಏ ಮೈಸೂರಾಕಿ'. ಧಾರವಾಡದವರು, ವಿಟ್ಬಿಯಲ್ಲಿ ಸ್ಕೂಲ್ ಬಸ್ ಓಡಿಸುತ್ತಾರೆ. ನಾನು ಮಾರ್ಕಮ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಅವರಿಗಿಂತ ಎಂಟು ವರ್ಷ ಚಿಕ್ಕವಳಾದರೂ ದಿಬ್ಬ ಹತ್ತುವಾಗ ಸದಾ ಹಿಂದೆ ಬೀಳುವವಳು ನಾನೇ.

ನಮ್ಮ ಪರಿಚಯವಾಗುವ ಹಿಂದಿನ ಚಳಿಗಾಲದಲ್ಲಿ ಅಕ್ಕನ ಗಂಡ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರನ್ನು ನಾನು ಅಕ್ಕನ ಮನೆಯ ಗೋಡೆಯ ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ದಪ್ಪ ಮೀಸೆ, ನಗುವಿಗೂ ಗಾಂಭೀರ್ಯಕ್ಕೂ ನಡುವಿನ ಮುಖ. ಆಮೇಲೆ ಮಗಳು ಓದಲು ಹ್ಯಾಲಿಫ್ಯಾಕ್ಸಿಗೆ ಹೋದಳು. "ಮನ್ಯಾಗ ಕೂತ್ರ ಗ್ವಾಡಿ ಮೈಮ್ಯಾಲೆ ಬರ್ತಿದ್ವು, ಅದಕ್ಕ ಓಡ್ಲಿಕ್ಕೆ ಸುರು ಮಾಡಿದೆ" ಎಂದು ಅಕ್ಕ ಒಮ್ಮೆ ಹೇಳಿದ್ದರು. ಗಂಡನ ಬಗ್ಗೆ ಅವರಾಗಿ ಅದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ. ನಾನೂ ಕೇಳಿದವಳಲ್ಲ.

ಕೂಡಿ ಓಡತೊಡಗಿ ಎರಡು ವರ್ಷವಾಗಿದ್ದಾಗ, ರಾಕಿ ಪರ್ವತಗಳಿಗೆ ಹೋಗೋಣ, ಮೇಲೊಂದು ಕೆರೆ ಇದೆಯಂತೆ, ಅಲ್ಲಿಯವರೆಗೆ ಓಡೋಣ ಎಂದದ್ದು ಅವರೇ. ಬಸ್ ಡ್ರೈವರುಗಳ ಕೋಣೆಯಲ್ಲಿ ಯಾರೋ ತಮ್ಮ ರಜೆಯ ಫೋಟೋ ತೋರಿಸಿದ್ದರಂತೆ. ಮೂರು ಕಡೆ ಬರಿಗಲ್ಲಿನ ಶಿಖರ, ನಡುವೆ ಕೆರೆ. "ಬಣ್ಣಾ ನೋಡು, ಸುಳ್ಳು ಅನ್ನಸ್ತದ. ಹೋಗಿ ನೋಡೇ ಬಿಡೂಣು, ಖರೇನ ಹಿಂಗ ಅದನೋ ಇಲ್ಲೋ."

ಟೊರೊಂಟೊ ಸುತ್ತಮುತ್ತ ಬೆಟ್ಟ ಎಂಬುದೇ ಇಲ್ಲ, ಇರುವುದೆಲ್ಲ ದಿಬ್ಬ. ಇರುವುದರಲ್ಲೇ ಕಡಿದಾದದ್ದನ್ನು ಹುಡುಕಿಕೊಂಡು ವಾರವಾರ ಹತ್ತಿ ಇಳಿದೆವು. ಚಳಿಗಾಲ ಪೂರ್ತಿ ಬೂಟಿಗೆ ಮುಳ್ಳಿನ ಸರಪಳಿ ಕಟ್ಟಿಕೊಂಡು ಹಿಮದ ಮೇಲೆ ಓಡಿದೆವು. ಸ್ಕೂಲು ರಜೆ ಬಂದ ಮೇಲೆ, ಆಗಸ್ಟಿನಲ್ಲಿ, ಇಬ್ಬರೂ ಆ ಪರ್ವತಗಳ ಹತ್ತಿರದ ಕ್ಯಾಲ್ಗರಿಗೆ ವಿಮಾನ ಹತ್ತಿದೆವು.

ಆ ದಿನ ಬೆಳಿಗ್ಗೆ ಬೇಗ ಹೊರಟೆವು. ಹಾದಿ ಮೊದಲು ದಟ್ಟ ಕಾಡಿನೊಳಗೆ, ಆಮೇಲೆ ಹುಲ್ಲುಗಾವಲು, ಕೊನೆಗೆ ಬರೀ ಕಲ್ಲು. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿದ್ದ ಜಾಗದಲ್ಲಿ ಕೈ ಊರಿ ಹತ್ತಬೇಕಾಯಿತು. ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು. ಕರಡಿ ಇದ್ದರೆ ದೂರ ಹೋಗಲಿ ಎಂದು ಅಕ್ಕ ದಾರಿಯುದ್ದಕ್ಕೂ ಗಟ್ಟಿಯಾಗಿ ಮಾತಾಡುತ್ತಲೇ ಇದ್ದರು: ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳು, ಮಕ್ಕಳಿಗಿಂತ ತಡವಾಗಿ ಏಳುವ ತಾಯಂದಿರು, ಎಲ್ಲರ ಕಥೆ. ಕೊನೆಯ ಏರು ಮುಗಿದು ಕೆರೆ ಕಂಡಾಗ ಮಾತ್ರ ಮಾತು ನಿಂತಿತು.

ಬಣ್ಣ ಫೋಟೋದಲ್ಲಿ ಇದ್ದಂತೆಯೇ ಇತ್ತು. ನೀಲಿಯೂ ಅಲ್ಲ, ಹಸಿರೂ ಅಲ್ಲ, ಹಾಲು ಬೆರೆಸಿದಂಥದ್ದು. ಆಚೆ ದಡದಲ್ಲಿ ಹಿಮನದಿಯ ಬೂದು ಬಣ್ಣದ ತುದಿ ನೀರಿನ ಹತ್ತಿರದವರೆಗೂ ಬಂದಿತ್ತು. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ.

"ನಾ ಇಳಿಯಾಕಿ" ಎಂದರು ಅಕ್ಕ.

"ಬೇಡಕ್ಕ, ಐಸ್ ಇದ್ದಂಗಿರತ್ತೆ."

"ಇಷ್ಟ ದೂರ ಬಂದು ಕಾಲ ತೊಳಕೊಂಡು ಹೋಗ್ಲೇನು?"

ಚಡ್ಡಿ, ಬನಿಯನ್ನಿನಲ್ಲೇ ಇಳಿದರು. ಕುತ್ತಿಗೆಯವರೆಗೆ ಮುಳುಗಿ, ಒಮ್ಮೆ ತಲೆಯನ್ನೂ ಅದ್ದಿ, ಕಿರುಚಿ, ನಗುತ್ತಾ ಎದ್ದು ಬಂದರು. ನಾನು ಟವೆಲು ಕೊಟ್ಟೆ. ಒಣ ಅಂಗಿ, ಜಾಕೆಟ್ಟು ಹಾಕಿಕೊಂಡು ಬಂಡೆಯ ಮೇಲೆ ಬಿಸಿಲಿಗೆ ಕೂತರು. ಚೀಲದಿಂದ ಡಬ್ಬಿ ತೆಗೆದೆ. ಅದರಲ್ಲಿ ಶೇಂಗಾ ಹೋಳಿಗೆ ಇತ್ತು. ಹಿಂದಿನ ವಾರ ಅವರೇ ಮಾಡಿ, ವಿಮಾನದಲ್ಲಿ ತಂದದ್ದು.

ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹೋಳಿಗಿ ಛಲೋ ಆಗ್ಯಾವ. ಯಾರ್ ಮಾಡ್ಯಾರ?" ಎಂದರು.

ನಾನು ನಕ್ಕೆ. "ನಿಮ್ಮನ್ನ ನೀವೇ ಹೊಗಳ್ಕೋತೀರಲ್ಲ."

ಅವರು ನಗಲಿಲ್ಲ. ಕೆರೆಯ ಕಡೆ ನೋಡಿದರು, ಕೈಯಲ್ಲಿದ್ದ ಹೋಳಿಗೆ ನೋಡಿದರು. ಮತ್ತೆ ಅದೇ ದನಿಯಲ್ಲಿ, "ಛಲೋ ಆಗ್ಯಾವ. ಯಾರ್ ಮಾಡ್ಯಾರ?" ಎಂದರು. ಆಮೇಲೆ ತಮ್ಮ ಕಾಲುಗಳನ್ನು ನೋಡಿಕೊಂಡು ಗಾಬರಿಯಿಂದ ಜಾಕೆಟ್ಟನ್ನು ತೊಡೆಯ ಮೇಲೆ ಎಳೆದುಕೊಂಡರು.

"ಅಯ್ಯ, ನಾ ಯಾಕ ಚಡ್ಡಿ ಹಾಕ್ಕೊಂಡೀನಿ?" ಎಂದು ನನ್ನ ಕಡೆ ತಿರುಗಿದರು. "ರೀ, ಒಂದ್ ನಿಮಿಷ. ನೀವು ಯಾರ್ರಿ?"

ಆ 'ರೀ' ಕೇಳಿ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟೆ. ಕೋಪ ಬಂದರೂ ತಮಾಷೆಗಾದರೂ ಅಕ್ಕ ನನಗೆ ಬಹುವಚನ ಹಚ್ಚಿದವರಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಎದುರಿಗೆ ಕೂತ ಅಪರಿಚಿತರೊಡನೆ ಮಾತಾಡುವಂತಿತ್ತು ಆ ದನಿ. ಮರ್ಯಾದೆ ಇತ್ತು, ಪರಿಚಯ ಇರಲಿಲ್ಲ.

"ಅಕ್ಕ, ತಮಾಷೆ ಸಾಕು."

"ತಮಾಷಿ ಅಲ್ರಿ. ನಾ ಎಲ್ಲಿದೀನಿ? ಇದ್ಯಾವ ಕೆರಿ?"

ಸ್ಟ್ರೋಕ್ ಎಂಬ ಶಬ್ದ ತಲೆಯಲ್ಲಿ ಗಂಟೆಯಂತೆ ಹೊಡೆಯತೊಡಗಿತು. ಆಫೀಸಿನ ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ನೆನಪಿಸಿಕೊಂಡು, ನಗಿ ಎಂದೆ. ನಕ್ಕರು, ಬಾಯಿ ಸೊಟ್ಟಗಾಗಲಿಲ್ಲ. ಎರಡೂ ಕೈ ಎತ್ತಿ ಎಂದೆ. ಎತ್ತಿದರು. ಮಾತು ತೊದಲುತ್ತಿರಲಿಲ್ಲ. ಹೆಸರು ಕೇಳಿದೆ, ಸರಿಯಾಗಿ ಹೇಳಿದರು. ಹುಟ್ಟಿದೂರು, ತಾಯಿಯ ಹೆಸರು, ವಿಟ್ಬಿಯ ಮನೆಯ ಬೀದಿ, ಎಲ್ಲ ಸರಿ. ಮಗಳ ಬಗ್ಗೆ ಕೇಳಿದಾಗ, "ಸಾಲಿಗೆ ಹೋಗ್ಯಾಳ, ಎಂಟನೇತ್ತಾ" ಎಂದರು. ಆ ಮಗಳು ಈಗ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು.

ನಾನು ಅವರ ಬದುಕಿನೊಳಗೆ ಬರುವುದಕ್ಕೂ ಹಿಂದಿನ ಯಾವುದೋ ವರ್ಷದಲ್ಲಿ ಅಕ್ಕ ಕೂತಿದ್ದರು. ಅಲ್ಲಿ ನಾನು ಇರಲೇ ಇಲ್ಲ. ಹಾಗಾದರೆ ಅಲ್ಲಿ ಇನ್ಯಾರು ಇದ್ದರು ಎಂಬುದು ಹೊಳೆಯುವ ಮೊದಲೇ ಅವರೇ ಕೇಳಿದರು.

"ನಮ್ಮನಿಯವ್ರು ಎಲ್ಲಿದಾರ? ಅವರಿಗೆ ಫೋನ್ ಮಾಡೀರಿ?"

ಫೋನಿಗೆ ಸಿಗ್ನಲ್ ಇರಲಿಲ್ಲ. ಇದ್ದರೂ ಆ ಪ್ರಶ್ನೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. ನಿಜ ಹೇಳಿದರೆ ನೆನಪು ಮರಳೀತು ಎಂದುಕೊಂಡು, ಅವರ ಕೈ ಹಿಡಿದು ಹೇಳಿಬಿಟ್ಟೆ.

"ಅಕ್ಕ, ಅವರು ಈಗಿಲ್ಲ. ತೀರಿಕೊಂಡು ವರ್ಷಗಳಾಯ್ತು."

ಅವರು ನನ್ನನ್ನೇ ನೋಡಿದರು. ಆಮೇಲೆ ಬಂದ ಸದ್ದು ಮನುಷ್ಯರ ಗಂಟಲಿನಿಂದ ಬಂದದ್ದೆಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ. ಬಂಡೆಯಿಂದ ಜಾರಿ ಕಲ್ಲುಪುಡಿಯ ಮೇಲೆ ಕುಸಿದು, ಎರಡೂ ಕೈಯಿಂದ ನೆಲ ಬಡಿದು ಅತ್ತರು. "ನಂಗ ಹೇಳದ ಹ್ಯಾಂಗ ಹೋದ್ರು? ನಂಗ ಯಾಕ ಯಾರೂ ಹೇಳಲಿಲ್ಲ?" ಎಂದು ಕೂಗಿದರು. ಎದುರಿನ ಕಲ್ಲುಗೋಡೆಗೆ ಬಡಿದು ಕೂಗು ತಿರುಗಿ ಬಂತು. ನಾನು ಅವರನ್ನು ತಬ್ಬಿಕೊಂಡೆ.

ಸ್ವಲ್ಪ ಹೊತ್ತಿಗೆ ಅಳು ಇಳಿಯಿತು. ಬಿಕ್ಕಳಿಕೆ ನಿಂತಿತು. ತಲೆ ಎತ್ತಿ ಸುತ್ತ ನೋಡಿದರು. ಕೆನ್ನೆ ಮುಟ್ಟಿಕೊಂಡು, ಒದ್ದೆಯಾದ ಬೆರಳುಗಳನ್ನು ಅಚ್ಚರಿಯಿಂದ ನೋಡಿಕೊಂಡರು.

"ಕಣ್ಣಾಗ ನೀರ ಯಾಕ ಬಂದಾವು?" ಎಂದರು. "ರೀ, ನೀವು ಯಾರ್ರಿ? ಇದ್ಯಾವ ಕೆರಿ? ನಮ್ಮನಿಯವ್ರಿಗೆ ಫೋನ್ ಮಾಡೀರಿ?"

ಅವರ ಮುಖ ಇನ್ನೂ ಒದ್ದೆಯಿತ್ತು, ಅಂಗೈಗೆ ಕಲ್ಲಿನ ತರಚು ಗಾಯವಾಗಿತ್ತು. ಆದರೆ ಅಷ್ಟು ದೊಡ್ಡ ದುಃಖ ಬಂದು ಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಇನ್ನೊಮ್ಮೆ ಹೇಳಿದರೆ ಇನ್ನೊಮ್ಮೆ ಅವರು ವಿಧವೆಯಾಗುತ್ತಿದ್ದರು. ಅದೂ ನನ್ನ ಬಾಯಿಂದ.

"ಕಾರ್ ಹತ್ರ ಕಾಯ್ತಿದಾರೆ" ಎಂದೆ. "ಬನ್ನಿ, ಇಳಿಯೋಣ."

"ಹೌದೇನು? ಮತ್ತ ನಡೀರಿ ಲಗೂನ. ಅವರಿಗೆ ಹಸಿವಿ ತಡೀಲಿಕ್ಕೆ ಆಗಂಗಿಲ್ಲ."

ಅಲ್ಲೇ ಕಾಯುವುದೋ ಇಳಿಯುವುದೋ ಎಂದು ನನಗೆ ಗೊತ್ತಿರಲಿಲ್ಲ. ಕಾಯುತ್ತಾ ಕೂತರೆ ಯಾರು ಯಾವಾಗ ಬರುತ್ತಾರೋ. ಅವರ ಕಾಲಲ್ಲಿ ಶಕ್ತಿ ಇತ್ತು, ನಿಲುವು ಸರಿಯಿತ್ತು. ಮೋಡ ಬೇರೆ ಕಟ್ಟುತ್ತಿತ್ತು. ಹೊರಟೆವು.

ಬಂಡೆಗಳ ಜಾಗದಲ್ಲಿ ನನಗೆ ಜೀವ ಬಾಯಿಗೆ ಬಂದಿತ್ತು. ಆದರೆ ಅಕ್ಕನ ಕಾಲು ಏನನ್ನೂ ಮರೆತಿರಲಿಲ್ಲ. ಯಾವ ಕಲ್ಲು ಅಲುಗುತ್ತದೆ, ಎಲ್ಲಿ ಮೊಣಕಾಲು ಬಗ್ಗಿಸಬೇಕು, ಎಲ್ಲ ಅವಕ್ಕೆ ತಿಳಿದಿತ್ತು. ಕಲ್ಲಿಂದ ಕಲ್ಲಿಗೆ ಹಗುರವಾಗಿ ಇಳಿಯುತ್ತಾ, "ನಂಗಿದೆಲ್ಲಾ ಹ್ಯಾಂಗ ಬರ್ತದ?" ಎಂದು ತಾವೇ ಬೆರಗಾದರು. ಹುಲ್ಲುಗಾವಲು ಬಂದದ್ದೇ ಓಡತೊಡಗಿದರು. ಗಂಡ ಕಾಯುತ್ತಿದ್ದಾರೆಂಬ ಆತುರ. ನಾನು ಹಿಂದಿನಿಂದ ಓಡಿ ಚೀಲದ ಪಟ್ಟಿ ಹಿಡಿದು ನಿಲ್ಲಿಸಬೇಕಾಯಿತು. ನಿಲ್ಲಿಸಿದಾಗಲೆಲ್ಲ ಅದೇ ಪ್ರಶ್ನೆಗಳು, ಅದೇ ಕ್ರಮದಲ್ಲಿ, ಅದೇ ಏರಿಳಿತದಲ್ಲಿ. ನೀವು ಯಾರ್ರಿ. ಯಾವ ಊರಿದು. ನಮ್ಮನಿಯವ್ರೆಲ್ಲಿ. ನಾನು ಅದೇ ಉತ್ತರ ಕೊಡುತ್ತಾ ಹೋದೆ. ಪ್ರತಿ ಸಲವೂ ಅವರ ಮುಖ ಹೊಸದಾಗಿ ಅರಳುತ್ತಿತ್ತು. ಅದನ್ನು ನೋಡುವುದು ಅಳುವನ್ನು ನೋಡಿದ್ದಕ್ಕಿಂತ ಕಷ್ಟವಾಯಿತು.

ಕಾಡಿನ ಅಂಚಿನಲ್ಲಿ ಮೇಲಕ್ಕೆ ಬರುತ್ತಿದ್ದ ವಯಸ್ಸಾದ ಗಂಡಹೆಂಡತಿ ಸಿಕ್ಕರು. ನಾನು ಇಂಗ್ಲಿಷಿನಲ್ಲಿ ಏನು ಹೇಳಿದೆನೋ, ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಗಿರಬೇಕು. ಆತನ ಚೀಲಕ್ಕೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರ ಸಿಕ್ಕಿಸಿತ್ತು. ಅದರ ಗುಂಡಿ ಒತ್ತಿದರು. ಕೆರೆ ನೋಡುವ ಆಸೆ ಬಿಟ್ಟು ನಮ್ಮೊಡನೆ ಕೆಳಗಿಳಿಯತೊಡಗಿದರು. ಆಕೆ ಅಕ್ಕನ ಕೈ ಹಿಡಿದುಕೊಂಡರು. ಅಕ್ಕ ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಈ ಮುದುಕಿ ಯಾಕ ನನ್ನ ಕೈ ಬಿಡವಲ್ಲಳು? ಅಕಿಗೇನರ ಆಗೇದೇನು?"

ನಗು ಬಂತು. ನಗುತ್ತಲೇ ಕಣ್ಣೀರು ಹರಿಯಿತು. ಯಾವುದನ್ನೂ ತಡೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅರ್ಧ ದಾರಿಯಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನದ ರಕ್ಷಣಾ ಸಿಬ್ಬಂದಿ ಸ್ಟ್ರೆಚರಿನೊಡನೆ ಎದುರಾದರು. ಅಕ್ಕ ಅದರ ಮೇಲೆ ಮಲಗಲು ಒಪ್ಪಲಿಲ್ಲ. ಕೆಳಗೆ ಪಾರ್ಕಿಂಗ್ ಜಾಗಕ್ಕೆ ಬಂದಾಗ ಆಂಬುಲೆನ್ಸ್ ನಿಂತಿತ್ತು. ನಾನು ಇಡೀ ದಾರಿ ಹೆದರಿದ್ದು ಈ ಗಳಿಗೆಗೆ. ಅಕ್ಕ ಒಂದೊಂದೇ ಕಾರಿನ ಕಿಟಕಿಯೊಳಗೆ ಬಗ್ಗಿ ನೋಡಿದರು. ಸಾಲಿನ ಕೊನೆಯವರೆಗೂ ಹೋಗಿ ತಿರುಗಿ ಬಂದರು.

"ಇಲ್ಲಲ್ರಿ ಅವರು?"

ಸಿಬ್ಬಂದಿಯ ಹುಡುಗಿಯೊಬ್ಬಳು ಅವರ ಹೆಗಲಿಗೆ ಕಂಬಳಿ ಹೊದಿಸಿ ಆಂಬುಲೆನ್ಸಿನೊಳಗೆ ಕೂರಿಸಿದಳು. ಬಾಗಿಲು ಮುಚ್ಚುವ ಹೊತ್ತಿಗೆ ಪ್ರಶ್ನೆಯೇ ಅವರಿಗೆ ಮರೆತುಹೋಗಿತ್ತು.

ಆಸ್ಪತ್ರೆ ಇದ್ದದ್ದು ಕಣಿವೆಯ ಸಣ್ಣ ಊರಿನಲ್ಲಿ. ತಲೆಯ ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಕೊನೆಗೆ ಡಾಕ್ಟರು ಹೊರಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಇದು ಸ್ಟ್ರೋಕ್ ಅಲ್ಲ. ಮೆದುಳಿನಲ್ಲಿ ಹೊಸ ನೆನಪು ಕೂಡಿಡುವ ಭಾಗ ಕೆಲವು ಗಂಟೆ ಕೆಲಸ ನಿಲ್ಲಿಸಿಬಿಡುತ್ತದೆ, ಹಳೆಯದರಲ್ಲೂ ಒಂದಷ್ಟು ವರ್ಷ ಕೈಗೆ ಸಿಗದಂತಾಗುತ್ತದೆ. ಐವತ್ತು ದಾಟಿದವರಲ್ಲಿ ಅಪರೂಪಕ್ಕೆ ಹೀಗಾಗುವುದುಂಟು. ಮೈ ತುಂಬ ದಣಿದಾಗ, ಇಲ್ಲವೇ ಇದ್ದಕ್ಕಿದ್ದಂತೆ ತಣ್ಣೀರಿಗೆ ಇಳಿದಾಗ. ತಾನಾಗಿ ಸರಿಹೋಗುತ್ತದೆ. ಆದರೆ ಈ ಕೆಲವು ಗಂಟೆಗಳು ಮಾತ್ರ ಯಾವತ್ತೂ ಅವರಿಗೆ ವಾಪಸ್ಸು ಸಿಗುವುದಿಲ್ಲ.

ಮಗಳಿಗೆ ಫೋನ್ ಮಾಡಿದೆ. ಮೊದಲು ಅವಳು ಇಂಗ್ಲಿಷಿನಲ್ಲೇ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದಳು. ಆಮೇಲೆ ಇದ್ದಕ್ಕಿದ್ದಂತೆ ಕನ್ನಡಕ್ಕೆ ಬಂದು, "ಆಂಟಿ, ಅಮ್ಮ ಅಪ್ಪನ್ನ ಕೇಳಿದ್ಲಾ?" ಎಂದಳು. ಹೌದು ಎಂದೆ.

ಸಂಜೆ, ಕಿಟಕಿಯಾಚೆ ಇನ್ನೂ ಬೆಳಕಿರುವಾಗ, ಅಕ್ಕ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರು. ಮಲಗಿದಲ್ಲಿಂದ ಛಾವಣಿ ನೋಡುತ್ತಿದ್ದರು. ಅವರ ಮುಖದ ಮೇಲೆ ಏನೋ ಒಂದೊಂದಾಗಿ ಬಂದು ಕೂರುತ್ತಿರುವುದು ನನಗೆ ಕಾಣುತ್ತಿತ್ತು.

"ಅವರಿಲ್ಲ, ಅಲಾ?" ಎಂದರು ಮೆಲ್ಲಗೆ.

"ಇಲ್ಲಕ್ಕ."

ತಲೆಯಾಡಿಸಿದರು. ಈ ಸಲ ಕೂಗಲಿಲ್ಲ. ನನ್ನ ಕಡೆ ಹೊರಳಿ, "ಏ, ನೀ ಮುಂಜಾನಿಂದ ಏನರ ತಿಂದೀ ಇಲ್ಲೋ? ಮಾರಿ ನೋಡು ಹ್ಯಾಂಗಾಗೇದ" ಎಂದರು.

ನಾನು ಹೊರಗೆ ಹೋಗಿ ಕಾರಿಡಾರಿನ ಗೋಡೆಗೆ ತಲೆಯಿಟ್ಟು ಅತ್ತೆ.

ವಿಟ್ಬಿಗೆ ಮರಳಿದ ಮೇಲೆ ಡಾಕ್ಟರುಗಳು ಹೂಂ ಅನ್ನುವವರೆಗೆ ಅಕ್ಕ ಬಸ್ ಓಡಿಸುವಂತಿರಲಿಲ್ಲ. ಸೆಪ್ಟೆಂಬರಿನಲ್ಲಿ ಸ್ಕೂಲು ಶುರುವಾದಾಗ ಅವರ ರೂಟಿನಲ್ಲಿ ಬೇರೆ ಡ್ರೈವರು ಹೋದರು. ಬಸ್ಸು ಬರುವ ಹೊತ್ತಿಗೆ ಅಕ್ಕ ಬೀದಿಯ ತುದಿಗೆ ಹೋಗಿ ನಿಂತು ಮಕ್ಕಳಿಗೆ ಕೈಬೀಸುತ್ತಿದ್ದರಂತೆ. ನನ್ನನ್ನೂ ಆ ದಿನ ಬಿಡಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಒಂದು ದಿನ ತಂಡದ ಹುಡುಗನೊಬ್ಬ ಅರ್ಥವಾಗದೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. ನಾನು ಎದ್ದು ಅವನ ಮುಖ ಸೊಟ್ಟಗಾಗಿದೆಯೇ ಎಂದು ದಿಟ್ಟಿಸಿ ನೋಡುತ್ತಿದ್ದೆ.

ಎಲೆ ಕೆಂಪಾಗುವ ಕಾಲಕ್ಕೆ ಮತ್ತೆ ಕಾಡಿಗೆ ಓಡಲು ಹೋದೆವು. ಅರ್ಧ ದಾರಿಯಲ್ಲಿ ಅಕ್ಕ ನಿಂತು, "ಆ ದಿನದ್ದು ಪೂರಾ ಹೇಳು ನಂಗ. ಏನೂ ಬಿಡಬ್ಯಾಡ" ಎಂದರು.

ಬಿದ್ದ ಮರವೊಂದರ ಮೇಲೆ ಕೂತು ಹೇಳಿದೆ. ಹೋಳಿಗೆ, ಚಡ್ಡಿ, ಮುದುಕಿಯ ಕೈ. ಅವಕ್ಕೆಲ್ಲ ನಕ್ಕರು. ಆಮೇಲೆ, ಮೊದಲನೇ ಸಲ ಕೇಳಿದಾಗ ನಾನು ನಿಜ ಹೇಳಿದ್ದನ್ನೂ ಅವರು ನೆಲ ಬಡಿದು ಅತ್ತದ್ದನ್ನೂ ಹೇಳಿದೆ. ಅಕ್ಕನ ನಗು ನಿಂತಿತು.

"ನಾ ಅತ್ನೇನು?"

"ಅಷ್ಟು ಅಳೋದನ್ನ ನಾನು ಯಾರಲ್ಲೂ ನೋಡಿಲ್ಲ."

"ಖರೇ ಹೇಳು. ನಾ ಅತ್ನೇನು?"

ಅವರ ಮುಖ ಬಿಳಚಿಕೊಂಡಿತ್ತು. ಮತ್ತೆ ಏನಾದರೂ ಆಯಿತೇನೋ ಎಂದು ನಾನು ಗಾಬರಿಯಿಂದ ತೋಳು ಹಿಡಿದೆ. ಅವರು ನನ್ನ ಕೈ ಮೇಲೆ ಕೈಯಿಟ್ಟು, "ಆರಾಮಿದ್ದೀನಿ, ಕೂಡು" ಎಂದರು.

"ಅವರು ಹೋದಾಗ ನಾ ಅಳಲಿಲ್ಲ" ಎಂದರು. "ಒಂದು ಹನಿ ಬರಲಿಲ್ಲ ನೋಡು. ಮಂದಿ ಬಂದ್ರು, ಚಹಾ ಮಾಡಿದೆ. ಊರಿನವ್ರಿಗೆ ವಿಡಿಯೋದಾಗ ಅಂತ್ಯಕ್ರಿಯಾ ಎಲ್ಲಾ ತೋರಿಸಬೇಕಿತ್ತು, ಫೋನ್ ಹಿಡಕೊಂಡು ನಿಂತೆ. ಆಮ್ಯಾಲೆ ಅಳಬೇಕಂತ ಬಾತ್‌ರೂಮಿನಾಗ ಹೋಗಿ ಕೂತೆ. ಬರಲೇ ಇಲ್ಲ. ನಂಗ ಅವರ ಮ್ಯಾಲೆ ಪ್ರೀತಿ, ಮಾಯಾ ಏನೂ ಇರಲಿಲ್ಲೇನೋ ಅಂತ ಇಷ್ಟು ವರ್ಷ ನನಗ ನಾನೇ ಹೆದರಕೋತ ಇದ್ದೆ. ಯಾರ ಮುಂದೂ ಅಂದಿಲ್ಲ."

ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇತ್ತು. ಅದನ್ನು ಕೇಳಿದವಳು ಪ್ರಪಂಚದಲ್ಲಿ ನಾನೊಬ್ಬಳೇ. ಅತ್ತವರಿಗೇ ಅದು ಗೊತ್ತಿರಲಿಲ್ಲ.

"ಏನಂದೆ ನಾ, ಅಳೂ ಮುಂದ?" ಎಂದು ಕೇಳಿದರು. ಹೇಳಿದೆ, ಅವರ ಮಾತಿನಲ್ಲೇ. ಮಂಡಿಯ ಮೇಲೆ ಗಲ್ಲವಿಟ್ಟುಕೊಂಡು, ಬೇರೆ ಯಾರದೋ ಸುದ್ದಿ ಕೇಳುವವರ ಹಾಗೆ ಕೇಳಿಸಿಕೊಂಡರು. ಕೊನೆಗೆ ಮೂಗು ಒರೆಸಿಕೊಂಡು ಎದ್ದರು. ಕಣ್ಣು ತುಂಬಿತ್ತೋ ಚಳಿಗಾಳಿಗೆ ನೀರೂರಿತ್ತೋ ನಾನು ಕೇಳಲಿಲ್ಲ.

ಚಳಿಗಾಲದ ಹೊತ್ತಿಗೆ ಡಾಕ್ಟರುಗಳು ಒಪ್ಪಿಗೆ ಕೊಟ್ಟರು. ಅಕ್ಕ ಮತ್ತೆ ಬಸ್ಸು ಹತ್ತಿದರು. ಮೊನ್ನೆ ಭಾನುವಾರ ಓಟ ಮುಗಿಸಿ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದಾಗ, ಬರುವ ಆಗಸ್ಟಿಗೆ ಮತ್ತೆ ಅಲ್ಲಿಗೆ ಹೋಗೋಣವೇ ಎಂದರು. ನನಗೆ ಸಿಟ್ಟೇ ಬಂತು.

"ತಲೆ ಸರಿ ಇದೆಯಾ ಅಕ್ಕ ನಿಮಗೆ? ನಾನಂತೂ ಬರಲ್ಲ. ಒಂದು ಸಲ ನೋಡಿದ್ದು ಸಾಕು."

"ನೀ ನೋಡೀದಿ" ಎಂದರು ಅಕ್ಕ, ಕೈಗವಸು ಬಿಚ್ಚುತ್ತಾ. "ನಾ ಎಲ್ಲಿ ನೋಡೀನಿ?"